ಲ್ಯಾರಿ ಯೌಂಟ್ ಆಡಿದ ಒಂದೇ ಪಂದ್ಯ

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಅಕ್ಕನ ಮಗ ಮೊನ್ನೆ ಒಬ್ಬ ಬೇಸ್‌ಬಾಲ್ ಆಟಗಾರನ ದಾಖಲೆಯ ಸ್ಕ್ರೀನ್‌ಶಾಟ್ ಕಳಿಸಿದ. ಲ್ಯಾರಿ ಯೌಂಟ್, ಹ್ಯೂಸ್ಟನ್ ಆಸ್ಟ್ರೋಸ್ ತಂಡ, 1971. ಆಡಿದ ಪಂದ್ಯ 1. ಅಲ್ಲಿಂದಾಚೆ ಬರೀ ಸೊನ್ನೆ. ಆಮೇಲೆ ಫೋನ್ ಮಾಡಿ, "ಮಾಮ, ಒಂದೂ ಬಾಲ್ ಹಾಕದೋನನ್ನ ಯಾಕೆ ಲೆಕ್ಕಕ್ಕೆ ಸೇರಿಸಿದಾರೆ?" ಅಂತ ನಕ್ಕ.

ಆ ನಗು ನನಗೆ ಹಿಡಿಸಲಿಲ್ಲ. ಹುಡುಗ ಒಳ್ಳೆಯವನೇ, ಆದರೆ ಎಲ್ಲರನ್ನೂ ಸ್ಕೋರ್ ನೋಡಿಯೇ ಅಳೆಯುತ್ತಾನೆ.

ಆ ವರ್ಷದ ಸೆಪ್ಟೆಂಬರ್ 15, ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣ. ಅಟ್ಲಾಂಟಾ ಬ್ರೇವ್ಸ್ ಎದುರು ಒಂಬತ್ತನೇ ಇನ್ನಿಂಗ್ಸ್. ಆಸ್ಟ್ರೋಸ್ ಹಿಂದೆ ಬಿದ್ದಿತ್ತು. ರಿಲೀಫ್ ಪಿಚರ್ ಆಗಿ, ಅಂದರೆ ಆಟದ ನಡುವೆ ಬದಲಿಯಾಗಿ ಬಂದು ಬಾಲ್ ಎಸೆಯುವವನಾಗಿ, ಲ್ಯಾರಿಯನ್ನು ಕರೆದರು. ವಯಸ್ಸು 21, ಮೊದಲ ಪಂದ್ಯ. ಮಿಲಿಟರಿ ರಿಸರ್ವ್ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ. ಬದಲಿ ಪಿಚರ್‌ಗಳು ತಯಾರಾಗುವ ಬುಲ್‌ಪೆನ್‌ನಲ್ಲಿ ಕೈ ಬಿಸಿ ಮಾಡಿಕೊಳ್ಳುವಾಗಲೇ ಮೊಣಕೈ ನೋಯುತ್ತಿತ್ತು. ಮೈದಾನದಲ್ಲಿ ಪಿಚರ್ ನಿಲ್ಲುವ ದಿಬ್ಬಕ್ಕೆ ಹೋಗಿ ನಿಂತರೆ ಸರಿಹೋಗುತ್ತೆ ಅಂದುಕೊಂಡ. ಮೈಕಿನಲ್ಲಿ ಹೆಸರು ಕೂಗಿದರು. ದಿಬ್ಬ ಹತ್ತಿ ಅಭ್ಯಾಸಕ್ಕೆ ಒಂದೆರಡು ಬಾಲ್ ಎಸೆದು ನೋಡಿದ. ನೋವು ಜಾಸ್ತಿಯಾಯಿತು. ಬ್ಯಾಟರ್‌ಗೆ ಒಂದೂ ಬಾಲ್ ಹಾಕದೆ ಇಳಿದು ಬಂದ.

ಹೆಸರು ಕೂಗಿದ ಮೇಲೆ ಆಡಿದ ಹಾಗೇ, ನಿಯಮ ಅದು. ಕ್ರಿಕೆಟ್‌ನಲ್ಲಿ ಒಂದೂ ಬಾಲ್ ಎದುರಿಸದೆ ರನ್‌ಔಟ್ ಆದವನಿಗೂ ಇನ್ನಿಂಗ್ಸ್ ಬರೆದುಕೊಳ್ಳುತ್ತಾರೆ, ಅಲ್ವಾ?

"ಯಾಕೆ ಲೆಕ್ಕಕ್ಕೆ?" ವಾರವೆಲ್ಲ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹಲ್ಲು ಕಚ್ಚಿಕೊಂಡು ನಾಲ್ಕು ಬಾಲ್ ಹಾಕಿದ್ದರೆ ಯಾರೂ ನಗುತ್ತಿರಲಿಲ್ಲ. ಕೈ ಹೋಗುತ್ತಿತ್ತು, ಅಷ್ಟೇ. ಮೊದಲ ಪಂದ್ಯ, ಅಷ್ಟು ಜನ ನೋಡುತ್ತಿದ್ದಾರೆ, ಆಗ 'ಆಗಲ್ಲ' ಅಂತ ಹೇಳುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ಮುಂದಿನ ವಾರ ಮತ್ತೆ ಆಡಬಹುದು ಅಂತಲೇ ಅವನು ಇಳಿದಿರಬೇಕು. ಆ ವಾರ ಬರಲೇ ಇಲ್ಲ. ಮುಂದೆ ವರ್ಷಗಟ್ಟಲೆ ಕೆಳಹಂತದ ಮೈನರ್ ಲೀಗ್‌ನಲ್ಲಿ ಬಾಲ್ ಹಾಕಿದ. ಮೇಲ್ಮಟ್ಟದ ಮೇಜರ್ ಲೀಗ್‌ನಿಂದ ಮತ್ತೆ ಕರೆ ಬರಲಿಲ್ಲ.

ಲ್ಯಾರಿಯ ತಮ್ಮ ರಾಬಿನ್ ಯೌಂಟ್ 1974ರಲ್ಲಿ, 18ನೇ ವಯಸ್ಸಿಗೇ ಮೇಜರ್ ಲೀಗ್‌ನ ಮಿಲ್ವಾಕಿ ಬ್ರೂವರ್ಸ್ ತಂಡ ಸೇರಿದ. 20 ಸೀಸನ್ ಅಲ್ಲೇ ಆಡಿದ. 3,142 ಹಿಟ್ ಹೊಡೆದ. 1999ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಇದನ್ನು ಹೇಳಿ 'ಪಾಪ, ಅಣ್ಣ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ತಮ್ಮನಿಗೆ ಏಜೆಂಟ್ ಆಗಿ ತಂಡದ ಜೊತೆ ದುಡ್ಡಿನ ಮಾತು ಆಡಿದವನು ಇದೇ ಅಣ್ಣ. ಅರಿಜೋನಾದಲ್ಲಿ ರಿಯಲ್ ಎಸ್ಟೇಟ್‌ಗೆ ಇಳಿದು ಚೆನ್ನಾಗಿಯೇ ಬೆಳೆದ.

ಇಷ್ಟನ್ನೂ ಹುಡುಗನಿಗೆ ಬರೆದು ಕಳಿಸಿದೆ. ರಾಬಿನ್‌ನ 3,142 ಅವನಿಗೆ ಮೊದಲೇ ಬಾಯಿಪಾಠವಂತೆ. ಅಣ್ಣನ ವಿಷಯ ಗೊತ್ತಿರಲಿಲ್ಲವಂತೆ.