ಸಿಂಥ್‌ಗೆ ಜಾರು ಕಲಿಸಿದ ಹನ್ನೊಂದು ವಾರ

ಯೋಜನೆ ಇಷ್ಟೇ. ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ಎಂಬ ಬ್ರಿಟನ್ನಿನ ಮೂವರ ರಾಕ್ ತಂಡದ ಎಲ್‌ಪಿ ತಟ್ಟೆಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಭಾನುವಾರಕ್ಕೊಂದರಂತೆ ಕೇಳುವುದು. ಜೊತೆಗೆ, ಅವರ ಮೊದಲ ತಟ್ಟೆಯ ಕಡೆಯ ಹಾಡು ‘ಲಕ್ಕಿ ಮ್ಯಾನ್’ ಮುಗಿಯುವಾಗ ಬರುವ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಗಳ ವಾದ್ಯ) ನುಡಿಸಾಣಿಕೆಯನ್ನು ನನ್ನ ಪುಟ್ಟ ಸಿಂಥ್‌ನಲ್ಲಿ ಕಲಿಯುವುದು. ಕೇಳುವುದು ಸುಖದ ಭಾಗ, ಕಲಿಯುವುದು ಕಷ್ಟದ ಭಾಗ ಎಂದುಕೊಂಡಿದ್ದೆ. ಎರಡೂ ತಿರುಗುಮುರುಗಾದವು.

ತಟ್ಟೆಗಳು ಸೋದರಮಾವನವು. ಅವರು ಮನೆ ಬದಲಿಸುವಾಗ ರಟ್ಟಿನ ಪೆಟ್ಟಿಗೆಯೊಂದನ್ನು ನಮ್ಮ ಅಟ್ಟದಲ್ಲಿಟ್ಟು ಹೋದರು. ವಾಪಸ್ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ತಿರುಗುಯಂತ್ರ ಹಳೆಯದು, ಬೆಲ್ಟಿನದು.

ವಾರ 1

ಮೊದಲ ತಟ್ಟೆ, 1970ರ ನವೆಂಬರ್‌ನದು. ಒದ್ದೆ ಬಟ್ಟೆಯಿಂದ ಒರೆಸಿ, ಮುಳ್ಳಿಗೆ ಅಂಟಿದ್ದ ನಾರನ್ನು ಹಳೆಯ ಬಣ್ಣದ ಕುಂಚದಿಂದ ತೆಗೆದು ಹಾಕಿದೆ. ಮೊದಲ ಹಾಡಿಗೇ ಮನೆಯ ಕಿಟಕಿ ಗಾಜು ಗುಂಯ್ ಎಂದಿತು.

ಈ ಮೂವರೂ ಹೊಸಬರಾಗಿರಲಿಲ್ಲ, ಅದೇ ವಿಶೇಷ. ಕೀತ್ ಎಮರ್ಸನ್ ‘ದಿ ನೈಸ್’ ತಂಡದಲ್ಲಿ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿಗೆ ಚಾಕು ಚುಚ್ಚಿ ಹೆಸರಾದವನು. ಚಾಕು ಬರಿಯ ಆಟವಲ್ಲ: ಎರಡು ಕೀಗಳ ನಡುವೆ ಸಿಕ್ಕಿಸಿದರೆ ಅವು ಒತ್ತಿಕೊಂಡೇ ಇರುತ್ತವೆ, ಕೈ ಬೇರೆ ಕೆಲಸಕ್ಕೆ ಬಿಡುವಾಗುತ್ತದೆ. ಹಾರ್ಮೋನಿಯಮ್ಮಿನಲ್ಲಿ ಶ್ರುತಿ ಹಿಡಿಯಲು ಕೀಗೆ ಬೆಂಕಿಕಡ್ಡಿ ಸಿಕ್ಕಿಸುವ ನಮ್ಮ ಭಜನೆ ಮಂಡಳಿಯವರಿಗೆ ಇದು ಹೊಸದೆನಿಸದು. ಗ್ರೆಗ್ ಲೇಕ್ ‘ಕಿಂಗ್ ಕ್ರಿಮ್ಸನ್’ನ ಗಾಯಕ, ಬೇಸ್ ವಾದಕ. 1969ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್‌ನಲ್ಲಿ ಎರಡೂ ತಂಡಗಳು ಒಂದೇ ವೇದಿಕೆಯಲ್ಲಿದ್ದಾಗ ಇವರಿಬ್ಬರ ಮಾತು ಕುದುರಿತು. ಡ್ರಮ್ಸ್‌ಗೆ ಬಂದವನು ‘ಅಟಾಮಿಕ್ ರೂಸ್ಟರ್’ನ ಕಾರ್ಲ್ ಪಾಮರ್, ಆಗ ಬರೀ 20ರ ಹುಡುಗ. ಎಮರ್ಸನ್‌ಗೆ 25, ಲೇಕ್‌ಗೆ 22. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೂಡ ಸೇರಲಿದ್ದ ಎಂಬ ಗಾಳಿಸುದ್ದಿ ಅಂದು ಪತ್ರಿಕೆಗಳಲ್ಲಿ ಓಡಾಡಿತ್ತು. ಗಾಳಿಸುದ್ದಿಗೆ ಗಿಟಾರ್ ಕೊಟ್ಟರೆ ಯಾರು ಬೇಡವೆನ್ನುತ್ತಾರೆ?

1970ರ ಆಗಸ್ಟ್ 23ರಂದು ಪ್ಲಿಮತ್‌ನಲ್ಲಿ ಮೊದಲ ಕಛೇರಿ. ಆರು ದಿನದ ನಂತರ ಎರಡನೆಯದು ಐಲ್ ಆಫ್ ವೈಟ್ ಉತ್ಸವದಲ್ಲಿ, ಲಕ್ಷಾಂತರ ಜನರ ಎದುರು, ವೇದಿಕೆಯಲ್ಲಿ ಫಿರಂಗಿ ಹಾರಿಸಿಕೊಂಡು! ರೇಡಿಯೊದ ಜಾನ್ ಪೀಲ್ ಇದನ್ನು ಪ್ರತಿಭೆಗೂ ದಂಡ, ವಿದ್ಯುತ್ತಿಗೂ ದಂಡ ಎಂಬರ್ಥದಲ್ಲಿ ಹಳಿದ. ಎರಡನೆಯ ಕಛೇರಿಗೇ ಫಿರಂಗಿ ತಂದವರು ಹತ್ತನೆಯದಕ್ಕೆ ಏನು ತಂದಾರು ಎಂಬ ಕುತೂಹಲ ನನಗೆ ಅಂಟಿಕೊಂಡದ್ದು ಇಲ್ಲಿಯೇ.

ಇಷ್ಟೆಲ್ಲ ಅಬ್ಬರದ ತಟ್ಟೆಯ ಕೊನೆಯಲ್ಲಿ ‘ಲಕ್ಕಿ ಮ್ಯಾನ್’ ಇದೆ. ಲೇಕ್ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ, ಅಮ್ಮ ಕೊಡಿಸಿದ ಗಿಟಾರ್ ಹಿಡಿದು ಕಟ್ಟಿದ ಹಾಡು. ತಟ್ಟೆಗೆ ಸರಕು ಸಾಲದೆ ಬಂದಾಗ ಹೊರಗೆ ಬಂತು. ಆಗಷ್ಟೇ ಕೈಸೇರಿದ್ದ ಮೋಗ್ ಸಿಂಥಸೈಜರಿನಲ್ಲಿ ಎಮರ್ಸನ್ ಕೊನೆಗೆ ಏನೋ ಒಂದನ್ನು ನುಡಿಸಿ ನೋಡಿದ. ಅವನ ಪಾಲಿಗೆ ಅದು ಪರೀಕ್ಷೆ, ಇನ್ನೊಮ್ಮೆ ಸರಿಯಾಗಿ ನುಡಿಸಬೇಕೆಂದಿದ್ದ. ಧ್ವನಿಮುದ್ರಣದ ಕೋಣೆಯೊಳಗೆ ಕೂತವರು ಅದನ್ನೇ ಉಳಿಸಿಕೊಂಡರು.

ಸಿಂಥ್ ಹೊರತೆಗೆದೆ. ಮೊದಲ ಎರಡು ಸ್ವರ ಹುಡುಕಲು ಮುಕ್ಕಾಲು ಗಂಟೆ ಬೇಕಾಯಿತು. ಯಾವುದೂ ತಟ್ಟೆಯ ಜೊತೆ ಕೂಡಲಿಲ್ಲ.

ವಾರ 2

‘ಟಾರ್ಕಸ್’, 1971. ಹೊದಿಕೆಯ ಮೇಲೆ ಅರ್ಧ ಆರ್ಮಡಿಲೊ, ಅರ್ಧ ಯುದ್ಧಟ್ಯಾಂಕ್ ಆಗಿರುವ ಪ್ರಾಣಿ. ಮೊದಲ ಬದಿಯಿಡೀ ಒಂದೇ ಕೃತಿ, ಏಳು ಭಾಗ, ಇಪ್ಪತ್ತು ನಿಮಿಷ ದಾಟುತ್ತದೆ. ಶುರುವಿನ ಭಾಗ ಐದರ ಲೆಕ್ಕದ್ದು. ಎರಡು ಸಲ ತಪ್ಪಿದ ಮೇಲೆ ‘ತಕ ತಕಿಟ’ ಎಂದು ತೊಡೆಯ ಮೇಲೆ ಖಂಡ ನಡೆ ಹಾಕಿಕೊಂಡು ಕೂತೆ, ಆಮೇಲೆ ದಾರಿ ತಪ್ಪಲಿಲ್ಲ. ಲೇಕ್‌ಗೆ ಮೊದಲಿಗೆ ಈ ಕೃತಿ ಹಿಡಿಸಲಿಲ್ಲವಂತೆ, ತಂಡ ಅಲ್ಲಿಗೇ ಮುಗಿಯುವ ಹಾಗಿತ್ತು. ಒಪ್ಪಿಕೊಂಡ ಮೇಲೆ ಅವನು ಬರೆದ ‘ಬ್ಯಾಟಲ್‌ಫೀಲ್ಡ್’ ಭಾಗವೇ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ತಟ್ಟೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಬಹಳ ವರ್ಷಗಳ ನಂತರ ಜಪಾನಿನ ಯೋಶಿಮತ್ಸು ತಕಾಶಿ ಇದನ್ನು ಪೂರ್ಣ ವಾದ್ಯವೃಂದಕ್ಕೆ ಅಳವಡಿಸಿದರು.

ಇನ್ನು ಶ್ರುತಿಯ ರಗಳೆ. ಸಿಂಥ್‌ನ ಮೇಲೆ ಅನುಮಾನಪಟ್ಟು ಅದನ್ನು ಮೂರು ಸಲ ಆರಿಸಿ ಹಚ್ಚಿದೆ. ಕೊನೆಗೆ ತಟ್ಟೆಯ ಅಂಚಿಗೆ ಬಿಳಿ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದೆ. ಮೂವತ್ತಮೂರೂ ಚಿಲ್ಲರೆ ಸುತ್ತು ಬರಬೇಕಾದ ಕಡೆ ಮೂವತ್ತೆರಡೇ ಬಂತು. ಅಷ್ಟಕ್ಕೇ ಶ್ರುತಿ ಸುಮಾರು ಮುಕ್ಕಾಲು ಸ್ವರಸ್ಥಾನ ಕೆಳಗಿಳಿದಿತ್ತು. ತಪ್ಪು ಸಿಂಥ್‌ನದಲ್ಲ, ಸಡಿಲಗೊಂಡ ಬೆಲ್ಟಿನದು. ಮೊದಲ ವಾರ ನಾನು ಕೇಳಿದ್ದು ಎಮರ್ಸನ್‌ನ ಸೋಮಾರಿ ತಮ್ಮನನ್ನು.

ವಾರ 3, 4

ತರಿಸಿದ ಬೆಲ್ಟ್ ಎರಡು ಬೆರಳಷ್ಟು ಉದ್ದ. ಅಂಗಡಿಯವರು ಬದಲಿಸಿ ಕೊಡಲು ಒಪ್ಪಲಿಲ್ಲ. ಎರಡನೆಯದು ಸರಿಹೋಯಿತು, ಕಾಗದದ ಚೂರು ಈಗ ಸರಿಯಾಗಿ ಸುತ್ತುತ್ತಿದೆ.

‘ಪಿಕ್ಚರ್ಸ್ ಆ್ಯಟ್ ಆ್ಯನ್ ಎಕ್ಸಿಬಿಷನ್’: ರಷ್ಯಾದ ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೊಗೆ ಬರೆದ ಕೃತಿಯನ್ನು ಮೂವರೇ ಹೊತ್ತುಕೊಂಡು ನಡೆದ ಕಛೇರಿ. 1971ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್ ಸಿಟಿ ಹಾಲ್‌ನಲ್ಲಿ ಮುದ್ರಿಸಿದ್ದು. ಜನರ ಕೂಗು ಚೆನ್ನಾಗಿದೆ.

‘ಟ್ರಿಲಜಿ’ಯ ಹೊದಿಕೆಯನ್ನು ಗೆದ್ದಲು ತಿಂದಿದೆ, ತಟ್ಟೆ ಬಾಗಿದೆ. ಎರಡನೆಯ ಬದಿಯ ಹೊರ ಅಂಚಿನಲ್ಲಿ ಮುಳ್ಳು ನಿಲ್ಲುವುದೇ ಇಲ್ಲ. ಮೊದಲ ಬದಿಯ ‘ಫ್ರಮ್ ದ ಬಿಗಿನಿಂಗ್’ ಕೇಳಿದೆ, ಸಾಕು.

ವಾರ 5

‘ಬ್ರೇನ್ ಸ್ಯಾಲಡ್ ಸರ್ಜರಿ’, 1973. ಇದಕ್ಕೆ ಎರಡು ಭಾನುವಾರ ಕೊಟ್ಟೆ.

ಹೊದಿಕೆ ಸ್ವಿಟ್ಜರ್‌ಲ್ಯಾಂಡಿನ ಎಚ್. ಆರ್. ಗೀಗರ್‌ನದು, ತಲೆಬುರುಡೆ ಮತ್ತು ಯಂತ್ರದ ಬೆಸುಗೆ. ಅತ್ತೆ ಅದನ್ನು ನೋಡಿ ಮಗುಚಿಟ್ಟರು. ಮೊದಲ ಬದಿಯಲ್ಲಿ ಅರ್ಜೆಂಟೀನಾದ ಹಿನಸ್ತೇರಾ ಬರೆದ ಪಿಯಾನೊ ಕಾನ್ಸರ್ಟೊದ (ಪಿಯಾನೊಗೆ ವಾದ್ಯವೃಂದ ಜೊತೆಯಾಗುವ ಕೃತಿ) ಕೊನೆಯ ಭಾಗ ‘ಟೊಕಾಟ’ ಎಂಬ ಹೆಸರಿನಲ್ಲಿದೆ. ಮೊದಲ ತಟ್ಟೆಯಲ್ಲಿ ಬಾರ್ಟೋಕ್ ಮತ್ತು ಯಾನಾಚೆಕ್‌ರಿಂದ ತೆಗೆದುಕೊಂಡದ್ದಕ್ಕೆ ಹೊದಿಕೆಯಲ್ಲಿ ಅವರ ಹೆಸರೇ ಇರಲಿಲ್ಲ. ಈ ಸಲ ಎಮರ್ಸನ್ ಜಿನೀವಾಕ್ಕೆ ಹೋಗಿ, ಹಿನಸ್ತೇರಾ ಎದುರು ಟೇಪ್ ಹಾಕಿ ಕೇಳಿಸಿ, ಒಪ್ಪಿಗೆ ಪಡೆದು ಬಂದ. ಬರೆದವನೇ ಮೆಚ್ಚಿದ ಮೇಲೆ ಶಾಸ್ತ್ರೀಯ ಸಂಗೀತವನ್ನು ಕೆಡಿಸಿದರು ಎನ್ನುವವರ ಮಾತಿಗೆ ಎಷ್ಟು ತೂಕ ಉಳಿಯುತ್ತದೆ, ಹೇಳಿ.

‘ಕಾರ್ನ್ ಈವಿಲ್ 9’ ಸುಮಾರು ಅರ್ಧ ಗಂಟೆಯ ಕೃತಿ. ಒಂದು ಬದಿಗೆ ಹಿಡಿಸುವುದಿಲ್ಲ. ಆದ್ದರಿಂದ ಮೊದಲ ಬದಿಯ ಕೊನೆಗೆ ಶಬ್ದ ಇಳಿಯುತ್ತ ಮರೆಯಾಗುತ್ತದೆ, ಕೇಳುವವನು ಎದ್ದು ಹೋಗಿ ತಟ್ಟೆ ಮಗುಚಿ ಮುಳ್ಳು ಇಡಬೇಕು, ಅದೇ ಶಬ್ದ ಮತ್ತೆ ಏರುತ್ತ ಬರುತ್ತದೆ. ಹಾಡುಗಾರ ನಿಮ್ಮನ್ನು ಮತ್ತೆ ಬನ್ನಿ ಎಂದು ಆಟಕ್ಕೆ ಸ್ವಾಗತಿಸುತ್ತಾನೆ. ತಟ್ಟೆಯ ಕೊರತೆಯನ್ನೇ ಬಾಗಿಲು ಮಾಡಿಕೊಂಡಿದ್ದಾರೆ. ಮೊಬೈಲಿನಲ್ಲಿ ಕೇಳುವಾಗ ಈ ಸಾಲಿನ ಮಜಾ ಅರ್ಧಕ್ಕರ್ಧ ಹೋಗುತ್ತದೆ, ಯಾಕೆಂದರೆ ನೀವು ಎಲ್ಲಿಗೂ ಹೋಗಿರುವುದೇ ಇಲ್ಲ. ನಾನು ಮಗುಚುವಾಗ ಕೈ ಜಾರಿ ಅಂಚು ಗೀಚಿತು. ಈಗ ಸ್ವಾಗತಕ್ಕೆ ಮೊದಲು ಒಂದು ‘ಟಕ್’ ಇದೆ.

ಮೂರನೆಯ ಭಾಗದಲ್ಲಿ ಮನುಷ್ಯನಿಗೂ ಕಂಪ್ಯೂಟರಿಗೂ ಯುದ್ಧ. ಕಂಪ್ಯೂಟರಿನ ದನಿ ಎಮರ್ಸನ್‌ನದೇ, ಯಂತ್ರದ ಮೂಲಕ ಹಾಯಿಸಿದ್ದು. ಕಡೆಗೆ ಯಂತ್ರದ ಸ್ವರಗಳು ಎಡಗಡೆ ಬಲಗಡೆ ಸುತ್ತುತ್ತ, ವೇಗ ಹೆಚ್ಚಿಸಿಕೊಳ್ಳುತ್ತ ಹೋಗಿ ಥಟ್ಟನೆ ನಿಲ್ಲುತ್ತವೆ. ನಗಲು ಸಿದ್ಧನಾಗಿ ಕೂತವನು ನಗಲಿಲ್ಲ.

ವಾರ 7

ಈ ವಾರ ಕೇಳಲಿಲ್ಲ, ಬರೀ ಅಭ್ಯಾಸ. ಸ್ವರಗಳು ಗೊತ್ತಾಗಿವೆ, ಆದರೆ ನುಡಿಸಿದರೆ ಮಕ್ಕಳ ಆಟಿಕೆಯಂತೆ ಕೇಳಿಸುತ್ತದೆ. ಕೊರತೆ ಜಾರಿನದು. ಮೂಲದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರಿಕೊಂಡು ಹೋಗುತ್ತದೆ. ತೀರಾ ಕೆಳಗಿನ ಸ್ವರದಿಂದ ಮೇಲಕ್ಕೆ ಏರುವಾಗ ನೆಲವೇ ಏಳುವಂತೆ.

ನಾನು ಬೆಳೆದದ್ದು ಅಪ್ಪನ ಹಾರ್ಮೋನಿಯಮ್ ಜೊತೆ. ಹಾರ್ಮೋನಿಯಮ್ಮಿಗಿರುವ ಹಳೆಯ ಆಪಾದನೆಯೇ ಅದು: ಎರಡು ಸ್ವರಗಳ ನಡುವೆ ಅದರ ಬಳಿ ಏನೂ ಇಲ್ಲ, ಗಮಕ ಬಾರದು. ಕೀಗಳಿರುವ ಇನ್ನೊಂದು ವಾದ್ಯ ಒಂದು ಗುಂಡಿ ತಿರುಗಿಸಿದೊಡನೆ ಜಾರಿಬಿಟ್ಟರೆ ಅಪ್ಪ ಏನೆನ್ನುತ್ತಿದ್ದರೋ.

ಆದರೆ ಇದು ವೀಣೆಯ ಜಾರಲ್ಲ ಎಂಬುದು ಬುಧವಾರ ರಾತ್ರಿ ತಿಳಿಯಿತು. ವೀಣೆಯಲ್ಲಿ ಪ್ರತಿಯೊಂದು ಜಾರಿನ ವೇಗವೂ ಬೆರಳಿನ ಮರ್ಜಿ. ಇಲ್ಲಿ ಗುಂಡಿ ಒಮ್ಮೆ ನಿಂತರೆ ಎಲ್ಲಕ್ಕೂ ಅದೇ ನಿಯಮ. ನಿಧಾನವಾಗಿ ಒತ್ತಿದರೆ ಸ್ವರ ಮನೆ ಸೇರುತ್ತದೆ. ಬೇಗ ಬೇಗ ಒತ್ತಿದರೆ ದಾರಿಯಲ್ಲಿರುವಾಗಲೇ ಮುಂದಿನ ಕರೆ ಬಂದು, ತಲುಪದೆಯೇ ತಿರುಗುತ್ತದೆ. ‘ಲಕ್ಕಿ ಮ್ಯಾನ್’ನ ಆ ಕಲಸಿದಂತಿರುವ ವೇಗದ ತುಣುಕುಗಳ ಗುಟ್ಟು ಇದೇ: ಅಲ್ಲಿ ಒತ್ತಿದ ಸ್ವರಗಳಲ್ಲಿ ಕೆಲವು ಕೇಳಿಸುವುದೇ ಇಲ್ಲ, ಅವುಗಳತ್ತ ಹೊರಟ ದಾರಿ ಮಾತ್ರ ಕೇಳಿಸುತ್ತದೆ. ನಾನು ಕೇಳಿಸಿದ ಸ್ವರವನ್ನಷ್ಟೇ ಬರೆದುಕೊಂಡು ಒತ್ತುತ್ತಿದ್ದೆ. ಕೇಳಿಸದ್ದನ್ನು ಊಹಿಸಿ ಒತ್ತಿದಾಗ ಸರಿಯಾಗತೊಡಗಿತು.

ಇನ್ನೊಂದು: ಸಿಂಥ್‌ನಲ್ಲಿ ಸ್ವರ ಹುಟ್ಟಿಸುವ ಎರಡು ಆಸಿಲೇಟರ್‌ಗಳನ್ನು ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿಟ್ಟೆ. ಜೋಡಿ ರೀಡಿನ ಹಾರ್ಮೋನಿಯಮ್ಮಿನಲ್ಲಿ ಒಂದು ಸಾಲು ತುಸು ಇಳಿದಾಗ ಬರುವ ಅದೇ ಅಲೆದಾಟ ಬಂತು. ಶಬ್ದದ ಅಲೆಯ ಆಕಾರ ಚೌಕದ್ದು, ಜಾರಿನ ಗುಂಡಿ ಅರ್ಧಕ್ಕಿಂತ ತುಸು ಮುಂದೆ. ಸದ್ಯಕ್ಕೆ ಹೀಗೆ.

ವಾರ 8

‘ವರ್ಕ್ಸ್’ ಮೊದಲ ಸಂಪುಟ, 1977. ನಡುವೆ ಮೂರು ತಟ್ಟೆಯ ಕಛೇರಿ ಮುದ್ರಿಕೆಯೊಂದಿದೆ, ಪೆಟ್ಟಿಗೆಯಲ್ಲಿಲ್ಲ. 1974ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಜ್ಯಾಮ್ ಉತ್ಸವದಲ್ಲಿ ಎಮರ್ಸನ್ ಪಿಯಾನೊ ಸಮೇತ ಗಾಳಿಯಲ್ಲಿ ತಿರುಗಿದ್ದೂ ಆ ನಡುವಿನಲ್ಲೇ. ಮೊದಲ ವಾರದ ಪ್ರಶ್ನೆಗೆ ಉತ್ತರ ಸಿಕ್ಕಿತು: ಫಿರಂಗಿಯ ನಂತರ ಹಾರುವ ಪಿಯಾನೊ, ಪಾಮರ್‌ಗೆ ಸ್ಟೇನ್‌ಲೆಸ್ ಸ್ಟೀಲಿನ ಡ್ರಮ್ಸ್, ಲೇಕ್‌ಗೆ ನಿಂತು ಹಾಡಲು ಪರ್ಷಿಯನ್ ರತ್ನಗಂಬಳಿ.

‘ವರ್ಕ್ಸ್’ನಲ್ಲಿ ಎರಡು ತಟ್ಟೆ, ನಾಲ್ಕು ಬದಿ. ಒಂದು ಎಮರ್ಸನ್‌ಗೆ, ಒಂದು ಲೇಕ್‌ಗೆ, ಒಂದು ಪಾಮರ್‌ಗೆ, ನಾಲ್ಕನೆಯದು ಮೂವರಿಗೂ. ಹಿಸ್ಸೆಯಾದ ಮನೆಯನ್ನು ನೋಡಿದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ: ಕೋಣೆಗಳೆಲ್ಲ ಬೇರೆ, ಹಜಾರ ಮಾತ್ರ ಜಂಟಿ. ಎಮರ್ಸನ್‌ನ ಪಾಲಿನಲ್ಲಿ ಪಿಯಾನೊ ಕಾನ್ಸರ್ಟೊ ಇದೆ, ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸಿದ್ದು. ನಿರ್ದೇಶಕನ ಹೆಸರು ಜಾನ್ ಮೇಯರ್ ಎಂದಿದೆ. ಅವರು ಕೋಲ್ಕತ್ತದಲ್ಲಿ ಹುಟ್ಟಿದವರು, ಅರವತ್ತರ ದಶಕದಲ್ಲಿ ಇಂಡೊ-ಜಾಜ್ ಫ್ಯೂಷನ್ಸ್ ತಂಡ ಕಟ್ಟಿದವರು. ಈ ಪೆಟ್ಟಿಗೆಯಲ್ಲಿ ನಮ್ಮ ದೇಶದ ಹೆಸರು ಸಿಕ್ಕೀತೆಂದು ನಾನು ಎಣಿಸಿರಲಿಲ್ಲ.

ಹಜಾರವೇ ಚೆನ್ನಾಗಿದೆ. ಅಮೆರಿಕದ ಕೋಪ್ಲಂಡ್ ಬರೆದ ‘ಫ್ಯಾನ್‌ಫೇರ್ ಫಾರ್ ದ ಕಾಮನ್ ಮ್ಯಾನ್’ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ ತಲುಪಿತು. ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ, ಹಿಮದ ನಡುವೆ, ಉಣ್ಣೆ ಕೋಟು ಹಾಕಿಕೊಂಡು ಇದನ್ನು ನುಡಿಸುತ್ತಿರುವ ಚಿತ್ರೀಕರಣವಿದೆ. ಉಸಿರು ಹಬೆಯಾಗುವುದು ಕಾಣುತ್ತದೆ. ಅದೇ ವರ್ಷ ಸುಮಾರು 70 ವಾದ್ಯಗಾರರ ವೃಂದವನ್ನು ಕಟ್ಟಿಕೊಂಡು ಅಮೆರಿಕ ಸುತ್ತಲು ಹೊರಟರು. ಸಂಬಳ, ಸಾಗಾಣಿಕೆ, ವಸತಿ ಎಲ್ಲ ಸೇರಿ ಕೈ ಕಚ್ಚಿತು. ಕೆಲವೇ ವಾರಗಳಲ್ಲಿ ವೃಂದವನ್ನು ಕಳಿಸಿ, ಉಳಿದ ಊರುಗಳಿಗೆ ಮತ್ತೆ ಮೂವರೇ ಹೋದರು.

ವಾರ 9

‘ಲವ್ ಬೀಚ್’, 1978. ಹೊದಿಕೆಯಲ್ಲಿ ಅಂಗಿಯ ಗುಂಡಿ ಬಿಚ್ಚಿಕೊಂಡು ಸಮುದ್ರದಂಡೆಯಲ್ಲಿ ಹಲ್ಲುಕಿರಿದಿದ್ದಾರೆ. ಬಹಾಮಾಸ್‌ನ ನಸ್ಸಾವ್‌ನಲ್ಲಿ, ಒಪ್ಪಂದದ ಬಾಕಿ ತೀರಿಸಲು ಮಾಡಿದ್ದು. ಕೇಳಿದರೂ ಹಾಗೆಯೇ ಇದೆ. ಒಂದು ಬದಿ ಕೇಳಿ ಬಟ್ಟೆ ಒಣಹಾಕಲು ಹೋದೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ತಂಡ ಚದುರಿತು. ಪಾಮರ್ ‘ಏಷ್ಯಾ’ ಸೇರಿದ. ಅದೂ ಇಂಥದೇ ಘಟಾನುಘಟಿಗಳ ಕೂಟ, 1982ರ ಮೊದಲ ತಟ್ಟೆ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. 1985ರಲ್ಲಿ ಎಮರ್ಸನ್ ಮತ್ತು ಲೇಕ್ ಡ್ರಮ್ಸ್‌ಗೆ ಕೋಜಿ ಪವೆಲ್‌ನನ್ನು ಕರೆದುಕೊಂಡರು. ಪಿ ಅಕ್ಷರ ಉಳಿದದ್ದರಿಂದ ತಂಡದ ಸಂಕ್ಷಿಪ್ತ ಹೆಸರು ‘ಇಎಲ್‌ಪಿ’ ಬದಲಾಗಲಿಲ್ಲ! 1992ರಲ್ಲಿ ಮೂವರೂ ಕೂಡಿ ‘ಬ್ಲ್ಯಾಕ್ ಮೂನ್’ ತಂದರು. ಮರುವರ್ಷ ಎಮರ್ಸನ್‌ನ ಬಲಗೈಯ ನರಕ್ಕೆ ತೊಂದರೆಯಾಯಿತು, ಅದು ಅವನನ್ನು ಪೂರ್ತಿ ಬಿಡಲೇ ಇಲ್ಲ. ಕೊನೆಯ ಕಛೇರಿ 2010ರ ಜುಲೈ 25, ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ. ಎಮರ್ಸನ್ 2016ರ ಮಾರ್ಚ್‌ನಲ್ಲಿ ತೀರಿಹೋದ, ಲೇಕ್ ಅದೇ ವರ್ಷ ಡಿಸೆಂಬರ್‌ನಲ್ಲಿ.

ಆ ಬಲಗೈ ಸಂಗತಿ ಓದಿದ ದಿನ ಸಿಂಥ್ ಮುಟ್ಟಲಿಲ್ಲ.

ವಾರ 11

ಶನಿವಾರ ಮುದ್ರಣ. ಮೊದಲ ತಟ್ಟೆಯನ್ನೇ ಹಾಕಿ, ಅದರ ಮೇಲೆ ನುಡಿಸಿ ಮುದ್ರಿಸಿಕೊಳ್ಳುವುದು. ಬೆಳಗ್ಗೆಯಿಂದ ಇಪ್ಪತ್ತಮೂರು ಸಲ ನುಡಿಸಿದೆ. ಪ್ರತಿ ಸಲವೂ ಮುಳ್ಳನ್ನು ಹಿಂದಕ್ಕೆ ತಂದು ಅದೇ ಜಾಗದಲ್ಲಿಡುವಾಗ ಕೈ ನಡುಗುತ್ತಿತ್ತು. ಎಂಟನೆಯದರಲ್ಲಿ ಮೊದಲ ದೊಡ್ಡ ಜಾರು ಮೂಲದ ಜೊತೆ ಎಷ್ಟು ಸರಿಯಾಗಿ ಏರಿತೆಂದರೆ ಒಂದೇ ವಾದ್ಯವೆನಿಸಿತು, ಆ ಖುಷಿಗೆ ಮುಂದಿನ ಮೂರು ಸ್ವರ ಬಿಟ್ಟುಹೋದವು. ಹದಿನಾಲ್ಕನೆಯದರಲ್ಲಿ ಎಲ್ಲ ಸರಿ, ಆದರೆ ಮುದ್ರಣದ ಗುಂಡಿಯನ್ನೇ ಒತ್ತಿರಲಿಲ್ಲ. ಸಂಜೆ ಹೆಂಡತಿ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, “ಬೆಳಗ್ಗೆ ನುಡಿಸಿದಿರಲ್ಲ, ನಾನು ತರಕಾರಿಗೆ ಹೊರಟಾಗ, ಅದೇ ಚೆನ್ನಾಗಿತ್ತು” ಎಂದಳು. ಹುಡುಕಿದೆ. ಅವಳು ಹೇಳಿದ್ದು ಎರಡನೆಯದು. ಗುಂಡಿಗಳು ಸರಿಯಾಗಿವೆಯೇ ಎಂದು ನೋಡಲು ಸುಮ್ಮನೆ ನುಡಿಸಿದ್ದು. ಕೊನೆಯಲ್ಲಿ ಚಪ್ಪಲಿಯ ಸದ್ದೂ ಗೇಟು ಹಾಕಿದ ಸದ್ದೂ ಇವೆ.

ಅದನ್ನು ಉಳಿಸಿ ಮಿಕ್ಕವನ್ನು ಅಳಿಸಿದೆ. ಮುಳ್ಳು ಸವೆದಿದೆ, ಹೊಸದಕ್ಕೆ ಹೇಳಿದ್ದೇನೆ. ಸೋದರಮಾವನಿಗೆ ಕಡತ ಕಳಿಸಿದ್ದಕ್ಕೆ ಬಂದ ಉತ್ತರ: “ನನ್ನ ಪೆಟ್ಟಿಗೆ ನಿನ್ನ ಹತ್ತಿರವೇ ಇದೆಯೇನೋ?”