ವಿಷಯವನ್ನು ಎರಡು ಬಾರಿ ಕಲಿತ ಗುರುಗಳು

ಎಂಬತ್ತರ ದಶಕದ ಆರಂಭದಲ್ಲಿ ಈ ಕಾಲೇಜಿನಲ್ಲಿ ನನಗೆ ಭೂವಿಜ್ಞಾನ ಕಲಿಸಿದ ಪ್ರಾಧ್ಯಾಪಕರು ತಮ್ಮ ವಿಷಯವನ್ನು ಎರಡು ಬಾರಿ ಕಲಿತವರು. 1950ರ ದಶಕದ ಕೊನೆಯಲ್ಲಿ ಅವರು ವಿದ್ಯಾರ್ಥಿಯಾಗಿದ್ದಾಗ ಭೂಖಂಡಗಳು ಇದ್ದಲ್ಲೇ ಇವೆ ಎಂಬುದು ಅವರ ಪಠ್ಯಪುಸ್ತಕಗಳ ನಿಲುವಾಗಿತ್ತು. ಮೆಕ್ಕಲು ತುಂಬಿಕೊಳ್ಳುತ್ತ ಕೆಳಕ್ಕೆ ಕುಸಿಯುವ ಉದ್ದನೆಯ ತಗ್ಗುಗಳು, ಅಂದರೆ ಜಿಯೋಸಿಂಕ್ಲೈನ್‌ಗಳು, ಕಾಲಾಂತರದಲ್ಲಿ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡು ಪರ್ವತಗಳಾಗಿ ಮೇಲೇಳುತ್ತವೆ ಎಂದು ಅವರು ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾಗಿದ್ದರು. ಅವರು ಅಧ್ಯಾಪಕರಾಗಿ ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ವಿವರಣೆ ಬದಿಗೆ ಸರಿದು, ಭೂಫಲಕಗಳ, ಅಂದರೆ ಭೂಮಿಯ ಹೊರಚಿಪ್ಪಿನ ಬೃಹತ್ ತುಂಡುಗಳ, ಚಲನೆಯ ಸಿದ್ಧಾಂತ ಅದರ ಜಾಗಕ್ಕೆ ಬಂದಿತು. ವಿದ್ಯಾರ್ಥಿದೆಸೆಯ ಟಿಪ್ಪಣಿ ಪುಸ್ತಕವನ್ನು ಅವರು ಎಸೆದಿರಲಿಲ್ಲ. ಪರ್ವತಗಳ ಪಾಠ ಬಂದಾಗ ಅದನ್ನು ತರಗತಿಗೆ ತಂದು, ಮೊದಲು ಅದರಿಂದಲೇ ಓದಿ, ಆ ವಿವರಣೆ ನಮಗೆ ಪೂರ್ತಿ ಒಪ್ಪಿಗೆಯಾಗುವವರೆಗೂ ಹೊಸ ಸಿದ್ಧಾಂತದ ಮಾತೆತ್ತುತ್ತಿರಲಿಲ್ಲ.

ವಿಜ್ಞಾನದಲ್ಲಿ ಪ್ಯಾರಡೈಮ್ ಎಂಬುದೊಂದಿದೆ ಎಂದು ನಾನು ಮೊದಲು ತಿಳಿದದ್ದು ಈ ಪಾಠಗಳಿಂದ. ವಿಜ್ಞಾನದ ಇತಿಹಾಸಕಾರ ಥಾಮಸ್ ಕುನ್ 1962ರಲ್ಲಿ ವೈಜ್ಞಾನಿಕ ಕ್ರಾಂತಿಗಳ ಸ್ವರೂಪವನ್ನು ಕುರಿತು ಪ್ರಕಟಿಸಿದ ಪುಸ್ತಕವನ್ನು ಗ್ರಂಥಾಲಯದಿಂದ ತೆಗೆದು ಓದಲು ಹೇಳಿದವರೂ ಅವರೇ. ಒಂದು ಕಾಲದ ವಿಜ್ಞಾನಿಗಳ ಸಮುದಾಯವು ಯಾವ ಪ್ರಶ್ನೆಯನ್ನು ಕೇಳಬೇಕು, ಎಂಥದ್ದನ್ನು ಉತ್ತರವೆಂದು ಒಪ್ಪಬೇಕು, ಯಾವ ಉಪಕರಣವನ್ನು ನಂಬಬೇಕು ಎಂಬುದನ್ನೆಲ್ಲ ಒಂದು ಚಿಂತನೆಯ ಚೌಕಟ್ಟು ಮೊದಲೇ ನಿರ್ಧರಿಸಿರುತ್ತದೆ; ಪ್ಯಾರಡೈಮ್ ಎಂದರೆ ಇದೇ. ಅದರೊಳಗೆ ನಡೆಯುವ ದಿನನಿತ್ಯದ ಸಂಶೋಧನೆ ಒಗಟು ಬಿಡಿಸುವ ಕೆಲಸದಂತಿರುತ್ತದೆ. ಬಿಡಿಸಲಾಗದ ಒಗಟುಗಳು ಕೂಡುತ್ತ ಹೋದಾಗ ಬಿಕ್ಕಟ್ಟು ತಲೆದೋರಿ, ಹೊಸ ಚೌಕಟ್ಟು ಹಳೆಯದರ ಜಾಗವನ್ನು ಹಿಡಿಯುತ್ತದೆ ಎಂಬುದು ಕುನ್ ಅವರ ವಾದದ ತಿರುಳು.

ಈ ವಾದವನ್ನು ಕೇಳಿದ ತರುಣರು ಚೌಕಟ್ಟನ್ನು ಸೆರೆಮನೆಯೆಂದೂ ಅದನ್ನು ಮುರಿಯುವವನೇ ನಿಜವಾದ ವಿಜ್ಞಾನಿಯೆಂದೂ ಭಾವಿಸುವುದು ಸಹಜ. ನಮ್ಮ ಗುರುಗಳು ಅದನ್ನು ಒಪ್ಪುತ್ತಿರಲಿಲ್ಲ. ಅವರ ವಿವರಣೆ ಪ್ರಯೋಗಾಲಯದಿಂದಲೇ ಆರಂಭವಾಗುತ್ತಿತ್ತು. ಬಸಾಲ್ಟ್ ಶಿಲೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ, ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಸಬರಿಗೆ ಕಾಣುವುದು ಬೂದು ಬಣ್ಣದ ಗೊಂದಲ ಮಾತ್ರ. ಪ್ಲಾಜಿಯೋಕ್ಲೇಸ್ ಖನಿಜದ ಹರಳುಗಳಲ್ಲಿ ಕಪ್ಪು ಬಿಳಿ ಪಟ್ಟೆಗಳು ಸಾಲಾಗಿ ನಿಂತಿರುವುದನ್ನು ಯಾರಾದರೂ ಒಮ್ಮೆ ತೋರಿಸಬೇಕು, ಪಕ್ಕದ ಹರಳಿನಲ್ಲಿ ನಾವೇ ಹುಡುಕಬೇಕು, ಹೀಗೆ ಹತ್ತಾರು ಶಿಲೆಗಳನ್ನು ನೋಡಿದ ಮೇಲೆ ಆ ಪಟ್ಟೆಗಳು ತಾವಾಗಿಯೇ ಕಣ್ಣಿಗೆ ಬೀಳತೊಡಗುತ್ತವೆ. ಹಾಗೆ ನೋಡಲು ಕಲಿಯುವುದಕ್ಕೆ ಸಾಕಾಗುವಂಥ ನಿಯಮವನ್ನು ಯಾರೂ ನಮಗೆ ಬರೆದುಕೊಡಲಿಲ್ಲ. ಒಂದು ಉದಾಹರಣೆಯಿಂದ ಇನ್ನೊಂದಕ್ಕೆ ಸಾಗುತ್ತ ಕಣ್ಣು ಪಳಗಿತು. ಕುನ್ ತಮ್ಮ ಪುಸ್ತಕದ 1970ರ ಆವೃತ್ತಿಗೆ ಸೇರಿಸಿದ ಹಿನ್ನುಡಿಯಲ್ಲಿ ಅತ್ಯಂತ ಹೆಚ್ಚು ಒತ್ತು ಕೊಟ್ಟದ್ದು ಇದಕ್ಕೇ: ವಿಜ್ಞಾನಿಯೊಬ್ಬ ಚೌಕಟ್ಟನ್ನು ಮೈಗೂಡಿಸಿಕೊಳ್ಳುವುದು ಅದರ ಸೂತ್ರಗಳನ್ನು ಬಾಯಿಪಾಠ ಮಾಡಿ ಅಲ್ಲ, ಮಾದರಿ ಸಮಸ್ಯೆಗಳನ್ನು ಬಿಡಿಸಿ ಬಿಡಿಸಿ. ಚೌಕಟ್ಟಿಲ್ಲದವನಿಗೆ ಮುಕ್ತವಾದ ನೋಟವೇನೂ ದಕ್ಕುವುದಿಲ್ಲ, ಅವನಿಗೆ ಕಾಣುವುದು ಆ ಬೂದು ಗೊಂದಲ ಅಷ್ಟೇ ಎಂಬುದು ಸೂಕ್ಷ್ಮದರ್ಶಕದ ಮುಂದೆ ಕುಳಿತ ನಮಗೆ ವಾದವಿಲ್ಲದೆ ಮನವರಿಕೆಯಾಗಿತ್ತು.

ವೆಗೆನರ್ ಕಥೆಯನ್ನೂ ಅವರು ಬೇರೆಯವರಂತೆ ಹೇಳುತ್ತಿರಲಿಲ್ಲ. ಜರ್ಮನಿಯ ಹವಾಮಾನ ವಿಜ್ಞಾನಿ ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಭೂಖಂಡಗಳು ಸರಿಯುತ್ತವೆ ಎಂಬ ವಾದವನ್ನು ಮುಂದಿಟ್ಟು, 1915ರಲ್ಲಿ ಅದನ್ನು ಪುಸ್ತಕವಾಗಿಸಿದರು. ದಕ್ಷಿಣ ಅಮೆರಿಕ ಮತ್ತು ಆಫ್ರಿಕದ ಕರಾವಳಿಗಳು ಪರಸ್ಪರ ಹೊಂದುವುದು, ಮೆಸೊಸಾರಸ್ ಎಂಬ ಸರೀಸೃಪದ ಪಳೆಯುಳಿಕೆ ಆ ಎರಡೂ ಖಂಡಗಳಲ್ಲಿ ಸಿಗುವುದು, ಗ್ಲಾಸೊಪ್ಟೆರಿಸ್ ಸಸ್ಯದ ಪಳೆಯುಳಿಕೆ ಭಾರತದಿಂದ ಅಂಟಾರ್ಕ್ಟಿಕದವರೆಗೆ ಹರಡಿರುವುದು ಅವರ ಸಾಕ್ಷ್ಯಗಳಾಗಿದ್ದವು. ವಿರೋಧಿಗಳು ಮೂಢರಾಗಿದ್ದರು, ಸತ್ಯ ಒಂಟಿಯಾಗಿತ್ತು ಎಂದು ಹೇಳಿ ಮುಗಿಸಿದರೆ ಕಥೆ ಚೆನ್ನಾಗಿಯೇ ಇರುತ್ತದೆ. ಆದರೆ ನಮ್ಮ ಗುರುಗಳು ಬ್ರಿಟನ್ನಿನ ಭೂಭೌತವಿಜ್ಞಾನಿ ಹೆರಾಲ್ಡ್ ಜೆಫ್ರೀಸ್ ಎತ್ತಿದ ಆಕ್ಷೇಪವನ್ನು ಕಪ್ಪುಹಲಗೆಯ ಮೇಲೆ ಸಾವಧಾನವಾಗಿ ವಿವರಿಸುತ್ತಿದ್ದರು. ಖಂಡಗಳನ್ನು ತಳ್ಳುತ್ತವೆಂದು ವೆಗೆನರ್ ಸೂಚಿಸಿದ ಬಲಗಳು, ಅಂದರೆ ಭೂಮಿಯ ಆವರ್ತನೆಯಿಂದ ಹುಟ್ಟುವ ಬಲ ಮತ್ತು ಉಬ್ಬರವಿಳಿತದ ಸೆಳೆತ, ಆ ಕೆಲಸಕ್ಕೆ ಏನೇನೂ ಸಾಲದವು ಎಂಬ ಜೆಫ್ರೀಸ್ ಅವರ ಲೆಕ್ಕ ಸರಿಯಾಗಿಯೇ ಇತ್ತು; ಇಂದಿಗೂ ಸರಿಯೇ. ವೆಗೆನರ್ 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡಾಗ ಅವರ ವಾದಕ್ಕೆ ಒಪ್ಪಬಹುದಾದ ಚಾಲಕಶಕ್ತಿಯ ವಿವರಣೆ ಇರಲಿಲ್ಲ.

ಆ ವಾದಕ್ಕೆ ಮರುಜೀವ ಬಂದದ್ದು ಸಮುದ್ರದ ತಳದಿಂದ. ಸಾಗರತಳವು ಸಾಗರದ ನಡುವಿನ ಏಣುಗಳಲ್ಲಿ, ಅಂದರೆ ನೀರಿನಡಿಯ ಉದ್ದನೆಯ ಬೆಟ್ಟಸಾಲುಗಳಲ್ಲಿ, ಹೊಸದಾಗಿ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ ಎಂಬ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ ಅವರ ಲೇಖನ 1962ರಲ್ಲಿ ಪ್ರಕಟವಾಯಿತು. ಹಾಗೆ ಹುಟ್ಟಿದ ಶಿಲೆ ಕಾಲಕಾಲಕ್ಕೆ ತಿರುಗುಮುರುಗಾಗುವ ಭೂಕಾಂತೀಯ ದಿಕ್ಕನ್ನು ದಾಖಲಿಸಿಕೊಳ್ಳುವುದರಿಂದಲೇ ಏಣಿನ ಎರಡೂ ಬದಿಗೆ ಕಾಂತೀಯ ಪಟ್ಟೆಗಳು ಸಮಾನಾಂತರವಾಗಿ ಮೂಡಿವೆ ಎಂದು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ವಿವರಿಸಿದರು. ಅದೇ ವಿಚಾರವನ್ನು ಸ್ವತಂತ್ರವಾಗಿ ಕಂಡುಕೊಂಡ ಕೆನಡಾದ ಲಾರೆನ್ಸ್ ಮಾರ್ಲಿ ಅವರ ಬರಹವನ್ನು ಅದೇ ವರ್ಷ ಎರಡು ಪತ್ರಿಕೆಗಳು ಹಿಂದಿರುಗಿಸಿದವು. ಒಂದು ಸಿದ್ಧಾಂತ ಇನ್ನೇನು ಗೆಲ್ಲಲಿದೆ ಎಂಬ ಗಳಿಗೆಯಲ್ಲೂ ಅದನ್ನು ಗುರುತಿಸಲಾರದಷ್ಟು ಹಳೆಯ ಚೌಕಟ್ಟು ಗಟ್ಟಿಯಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಆ ಪಟ್ಟೆಗಳನ್ನು ಅಳೆದ ಸಂಶೋಧನಾ ಹಡಗುಗಳು ಖಂಡಗಳ ಚಲನೆಯನ್ನು ಸಾಧಿಸಲೆಂದು ಹೊರಟಿರಲಿಲ್ಲ. ಸಾಮಾನ್ಯ ಸಮೀಕ್ಷೆಯ ಬೇಸರದ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರ ಅಂಕಿಅಂಶಗಳೇ ಹಳೆಯ ಚೌಕಟ್ಟಿಗೆ ಒಗ್ಗದೆ ಹೋದವು. ಇಂಥದ್ದೇ ಇರಬೇಕು ಎಂಬ ನಿಖರವಾದ ನಿರೀಕ್ಷೆಯುಳ್ಳವನಿಗೆ ಮಾತ್ರ ಅಸಂಗತವಾದದ್ದು ಅಸಂಗತವೆಂದು ಕಾಣುತ್ತದೆ, ಆ ನಿರೀಕ್ಷೆಯನ್ನು ಕೊಡುವುದು ಪ್ಯಾರಡೈಮೇ. ನಮ್ಮ ಗುರುಗಳಿಂದ ನಾನು ಪಡೆದ ಅತಿ ಮುಖ್ಯವಾದ ತಿಳಿವಳಿಕೆ ಇದು.

ಪದವಿಯ ನಂತರ ನಾನು ಅರ್ಥಶಾಸ್ತ್ರದ ಕಡೆಗೆ ಹೊರಳಿದೆ. ಅಲ್ಲಿ ಈ ತಿಳಿವಳಿಕೆಯನ್ನು ಹಾಗೆಯೇ ಅನ್ವಯಿಸಲು ಆಗಲಿಲ್ಲ. ಹಿಂಜರಿತದ ಕಾಲದಲ್ಲಿ ಸರ್ಕಾರವೇ ಖರ್ಚು ಮಾಡಿ ಬೇಡಿಕೆಯನ್ನು ಎತ್ತಬೇಕೆಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಮಂಡಿಸಿದ ವಿಚಾರಗಳು ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅನೇಕ ದೇಶಗಳ ಆರ್ಥಿಕ ನೀತಿಗೆ ಚೌಕಟ್ಟಾದವು. 1970ರ ದಶಕದಲ್ಲಿ ಹಣದುಬ್ಬರ ಮತ್ತು ನಿರುದ್ಯೋಗ ಒಟ್ಟಿಗೇ ಏರಿದಾಗ ಆ ಚೌಕಟ್ಟಿನ ಮೇಲಿನ ನಂಬಿಕೆ ಕುಸಿಯಿತು. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಅದೇ ಕೇನ್ಸ್ ಅವರನ್ನು ಮತ್ತೆ ಎಲ್ಲರೂ ಓದತೊಡಗಿದರು. ಭೂವಿಜ್ಞಾನದಲ್ಲಿ ಜಿಯೋಸಿಂಕ್ಲೈನ್ ಸಿದ್ಧಾಂತಕ್ಕೆ ಯಾರೂ ಮರಳುವುದಿಲ್ಲ. ಸಮಾಜವಿಜ್ಞಾನಗಳಲ್ಲಿ ಮಾತ್ರ ಸೋತದ್ದು ಪೂರ್ತಿ ಸೋಲುವುದಿಲ್ಲ, ಗೆದ್ದದ್ದು ಪೂರ್ತಿ ಗೆಲ್ಲುವುದಿಲ್ಲ. ಕುನ್ ಅವರಿಗೆ ಪ್ಯಾರಡೈಮಿನ ವಿಚಾರ ಹೊಳೆದದ್ದೇ 1958-59ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಮಾಜವಿಜ್ಞಾನಿಗಳ ನಡುವೆ ಕಳೆದ ವರ್ಷದಲ್ಲಿ. ತಮ್ಮ ಕ್ಷೇತ್ರದ ಸರಿಯಾದ ಪ್ರಶ್ನೆಗಳು ಯಾವುವು ಎಂಬುದರ ಬಗ್ಗೆಯೇ ಅವರಲ್ಲಿದ್ದ ಭಿನ್ನಾಭಿಪ್ರಾಯ ಭೌತವಿಜ್ಞಾನಿಗಳಲ್ಲಿ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಯಿಂದ ಅದು ಹುಟ್ಟಿತು. ಈ ಭಿನ್ನಾಭಿಪ್ರಾಯವನ್ನು ಕೊರತೆಯೆಂದು ಕಾಣುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಶಿಲೆಯು ತನ್ನ ಬಗೆಗಿನ ಸಿದ್ಧಾಂತವನ್ನು ಓದಿ ನಡತೆ ಬದಲಿಸಿಕೊಳ್ಳುವುದಿಲ್ಲ, ಮನುಷ್ಯರು ಬದಲಿಸಿಕೊಳ್ಳುತ್ತಾರೆ. ಅವರನ್ನು ಅಧ್ಯಯನ ಮಾಡುವ ಶಾಸ್ತ್ರ ಒಂದೇ ಚೌಕಟ್ಟಿನಲ್ಲಿ ನೆಲೆ ನಿಲ್ಲಬೇಕೆಂದು ಬಯಸುವುದು ನ್ಯಾಯವಲ್ಲ. ಬೇರೆ ಬೇರೆ ಪಂಥಗಳನ್ನು ಒಂದೊಂದನ್ನೂ ಒಳಹೊಕ್ಕು, ಅದರ ಅತ್ಯುತ್ತಮ ಪ್ರತಿಪಾದಕನಷ್ಟೇ ಗಟ್ಟಿಯಾಗಿ ವಾದಿಸಬಲ್ಲಷ್ಟು ಕಲಿಯುವುದು ಅಲ್ಲಿಯ ಶಿಸ್ತು. ಆ ಹಳೆಯ ಟಿಪ್ಪಣಿ ಪುಸ್ತಕದಿಂದ ಓದಿಸಿಕೊಂಡ ನಮಗೆ ಅದು ಹೊಸದಾಗಿರಲಿಲ್ಲ.

ಪದವಿಯ ಕೊನೆಯ ವರ್ಷದಲ್ಲಿ, ಪಠ್ಯಕ್ರಮ ಮುಗಿದ ಮೇಲೆ, ಭೂಫಲಕ ಸಿದ್ಧಾಂತ ವಿವರಿಸಲಾಗದ ಸಂಗತಿಗಳಿಗೆಂದೇ ಅವರು ಒಂದು ತರಗತಿಯನ್ನು ಮೀಸಲಿಡುತ್ತಿದ್ದರು. ಫಲಕದ ಅಂಚಿನಿಂದ ಬಹುದೂರ, ಪೆಸಿಫಿಕ್ ಸಾಗರದ ನಡುವೆ ಹವಾಯಿಯ ಜ್ವಾಲಾಮುಖಿಗಳು ಏಕೆ ಉರಿಯುತ್ತಿವೆ, ಫಲಕಗಳು ಚಲಿಸತೊಡಗಿದ್ದು ಭೂಮಿಯ ಇತಿಹಾಸದ ಯಾವ ಘಟ್ಟದಲ್ಲಿ ಎಂದು ಕೇಳಿ, ಉತ್ತರ ಹೇಳದೆ, ನಮ್ಮಿಂದಲೇ ಊಹೆಗಳನ್ನು ಹೊರಡಿಸುತ್ತಿದ್ದರು. ಮೊದಲ ಪ್ರಶ್ನೆಗೆ ಭೂಗರ್ಭದಾಳದಿಂದ ಏರಿಬರುವ ಬಿಸಿ ಶಿಲೆಯ ಕಂಬವೇ ಕಾರಣವೆಂಬ ಉತ್ತರ ಇಂದು ಬಹುಮಟ್ಟಿಗೆ ಒಪ್ಪಿತವಾಗಿದೆ, ತಕರಾರುಗಳೂ ಉಳಿದಿವೆ. ಎರಡನೆಯದಕ್ಕೆ ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಎನ್ನುವವರಿದ್ದಾರೆ, ನೂರು ಕೋಟಿ ವರ್ಷಗಳಿಂದ ಈಚೆಗೆ ಎನ್ನುವವರೂ ಇದ್ದಾರೆ, ಎರಡೂ ಕಡೆಯವರು ಶಿಲೆಗಳನ್ನೇ ಸಾಕ್ಷಿಗೆ ಕರೆಯುತ್ತಾರೆ.