ಹೆಲ್ಮೆಟ್ ಮುಟ್ಟಿದರೆ ಚೇಂಜಪ್

"ಹನ್ನೆರಡು ವರ್ಷದ ಮಕ್ಕಳು ಮಾರಾಯಾ ಇವರು" ಅಂದರು ಆ ಕಡೆಯ ಕೋಚ್. "ಹಾಗಾದ್ರೆ ಸಿಗ್ನಲ್ ಮರೆಮಾಡೋದು ಹೇಳಿಕೊಡಿ" ಅಂದರು ನಮ್ಮ ಕೋಚ್. ಇಬ್ಬರೂ ಇಂಗ್ಲಿಷಿನಲ್ಲಿ ಆಡಿದ ಮಾತು, ಯಾರೂ ದನಿ ಏರಿಸಲಿಲ್ಲ. ನಮ್ಮವರು ಬಾಯಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನೂ ಉಗಿಯದೆ ಅಷ್ಟು ಹೇಳಿ ತಮ್ಮ ಬಕೆಟ್ ಮೇಲೆ ಹೋಗಿ ಕೂತರು. ಶನಿವಾರದಿಂದ ಇದೇ ನನ್ನ ತಲೆಯಲ್ಲಿ ತಿರುಗುತ್ತಿದೆ. ಪಾತ್ರೆ ತೊಳೆಯುವಾಗ ಒಬ್ಬರು ಸರಿ ಅನಿಸುತ್ತಾರೆ, ಟ್ರಾಫಿಕ್ಕಿನಲ್ಲಿ ಕೂತಾಗ ಇನ್ನೊಬ್ಬರು.

ಮಗಳು ಆಡುವುದು ಸಾಫ್ಟ್‌ಬಾಲ್, ಹನ್ನೆರಡು ವರ್ಷದೊಳಗಿನವರ ಟೀಮು, ಹ್ಯೂಸ್ಟನ್ ಹತ್ತಿರ. ಕ್ರಿಕೆಟ್ ನೋಡಿ ಬೆಳೆದವರಿಗೆ ಹೀಗೆ ಹೇಳಬಹುದು: ಕೀಪರ್ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂರುವ ಕ್ಯಾಚರ್, ಮುಂದಿನ ಬಾಲ್ ಯಾವುದು ಅಂತ ತೊಡೆಗಳ ಮಧ್ಯೆ ಬೆರಳು ತೋರಿಸಿ ಬಾಲ್ ಎಸೆಯುವ ಪಿಚರ್‌ಗೆ ಹೇಳುತ್ತಾಳೆ. ಶನಿವಾರದ ಆ ಟೀಮಿನಲ್ಲಿ ಒಂದು ಬೆರಳು ಅಂದರೆ ವೇಗದ್ದು. ನಾಲ್ಕು ಬೆರಳು ಅಲ್ಲಾಡಿಸಿದರೆ ಚೇಂಜಪ್, ಅಂದರೆ ನಿಧಾನದ್ದು. ಬ್ಯಾಟು ಹಿಡಿದವಳಿಗೆ ಇದು ಕಾಣುವುದಿಲ್ಲ. ಪಿಚರ್ ಬೆನ್ನ ಹಿಂದೆ ಸೆಕೆಂಡ್ ಬೇಸಿನಲ್ಲಿ, ಅಂದರೆ ಓಟದ ನಡುವಿನ ನಿಲ್ದಾಣದಲ್ಲಿ, ನಿಂತಿರುವ ಅವಳದೇ ಟೀಮಿನ ಹುಡುಗಿಗೆ ಮಾತ್ರ ನೇರ ಎದುರಿಗೇ ಕಾಣುತ್ತೆ. ಅವಳು ಹೆಲ್ಮೆಟ್ ಮುಟ್ಟಿಕೊಂಡರೆ ಚೇಂಜಪ್, ಸೊಂಟದ ಮೇಲೆ ಕೈಯಿಟ್ಟರೆ ವೇಗದ್ದು. ಇಷ್ಟೇ ವಿದ್ಯೆ. ಹೇಳಿಕೊಟ್ಟವರು ನಮ್ಮ ಕೋಚ್.

ಎದುರು ಟೀಮಿನ ಪಿಚರ್ ಸಣಕಲು ಹುಡುಗಿ, ಎರಡು ಜಡೆ, ಮುಖಕ್ಕೆ ಕಂಬಿಯ ಮಾಸ್ಕು. ಮೊದಲೆರಡು ಇನ್ನಿಂಗ್ಸ್ ಅವಳ ಚೇಂಜಪ್‌ಗೆ ನಮ್ಮ ಮಕ್ಕಳು ಕುಣಿದುಬಿಟ್ಟರು. ಬಾಲ್ ಇನ್ನೂ ದಾರಿಯಲ್ಲಿರುವಾಗಲೇ ಬ್ಯಾಟು ಬೀಸಿ ಮುಗಿದಿರುತ್ತಿತ್ತು. ನಾವೂ ನಕ್ಕೆವು, ಆ ಕಡೆಯವರೂ ನಕ್ಕರು. ಮೂರನೇ ಇನ್ನಿಂಗ್ಸಿನಲ್ಲಿ ನಮ್ಮವಳೊಬ್ಬಳು ಸೆಕೆಂಡ್ ಬೇಸ್ ತಲುಪಿ ಹೆಲ್ಮೆಟ್ ಮುಟ್ಟಲು ಶುರು ಮಾಡಿದಳು. ಮೊದಲು ಬ್ಯಾಟಿಗೆ ಬಂದ ನನ್ನ ಮಗಳು ಅಷ್ಟಾದರೂ ಔಟಾದಳು, ಅದೂ ಚೇಂಜಪ್‌ಗೇ. ಅವಳ ಹಿಂದೆ ಬಂದವಳು ಮಾತ್ರ ಆರಾಮಾಗಿ ಕಾದು ಬಾಲನ್ನು ಬೇಲಿಗೆ ಬಾರಿಸಿ ತಾನೂ ಸೆಕೆಂಡ್ ಬೇಸಿಗೆ ಬಂದು ನಿಂತಳು. ಅಲ್ಲೂ ಹೆಲ್ಮೆಟ್, ಇನ್ನೊಂದು ಬೇಲಿಗೆ.

ಆಮೇಲೆ ನಡೆದದ್ದನ್ನು ಮರೆಯೋಕೆ ಆಗ್ತಿಲ್ಲ. ಕ್ಯಾಚರ್ ಮತ್ತೆ ನಾಲ್ಕು ಬೆರಳು ಅಲ್ಲಾಡಿಸಿದಳು. ಹುಡುಗಿ ಬೇಡ ಅಂತ ತಲೆ ಅಲ್ಲಾಡಿಸಿದಳು. ಕ್ಯಾಚರ್ ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಬೇಡ. ಬೇಲಿಯಾಚೆ ನಿಂತಿದ್ದ ಅವಳ ಅಪ್ಪ "ನಂಬು, ಹಾಕು" ಅಂತ ಕೂಗಿದರು. ಅವಳು ಆ ಕಡೆ ನೋಡಲೂ ಇಲ್ಲ. ಆ ಪಂದ್ಯ ಮುಗಿಯುವವರೆಗೆ ಮತ್ತೊಂದು ಚೇಂಜಪ್ ಹಾಕಲಿಲ್ಲ. ಬರೀ ವೇಗದ್ದು, ಅದಕ್ಕೂ ನಮ್ಮವರು ಚೆನ್ನಾಗಿ ಬಾರಿಸಿದರು.

ಈ ವಯಸ್ಸಿನ ಮಕ್ಕಳಿಗೆ ಚೇಂಜಪ್ ಎಷ್ಟು ಕಷ್ಟ ಅನ್ನೋದು ನಮ್ಮನೆ ಹಿತ್ತಲಿಗೆ ಗೊತ್ತು. ಮಗಳು ಕೂಡ ಚಳಿಗಾಲವೆಲ್ಲ ಅದನ್ನೇ ಕಲಿಯೋಕೆ ಒದ್ದಾಡಿದಳು. ಪಿಚರ್ ನಿಲ್ಲೋದು 40 ಅಡಿ ದೂರದಲ್ಲಿ. ತೋಳು ಪೂರಾ ಜೋರಾಗಿ ಸುತ್ತಬೇಕು, ಬಾಲ್ ಮಾತ್ರ ನಿಧಾನ ಹೋಗಬೇಕು. ಹೆದರಿ ತೋಳನ್ನೇ ನಿಧಾನ ಮಾಡಿದರೆ ಆ ಕಡೆಯವಳಿಗೆ ತಕ್ಷಣ ಗೊತ್ತಾಗುತ್ತೆ. ಒಂದು ಸಲ ಬಾಲ್ ಅರ್ಧ ದಾರಿಯಲ್ಲೇ ನೆಲಕ್ಕೆ ಬೀಳುತ್ತೆ, ಇನ್ನೊಂದು ಸಲ ಕ್ಯಾಚರ್ ಥರ ಕೂತಿದ್ದ ನಮ್ಮನೆಯವರ ತಲೆ ದಾಟಿ ಪಕ್ಕದ ಮನೆಯ ಈಜುಕೊಳಕ್ಕೆ ಹೋಗುತ್ತೆ. ನಡುವೆ ಎಲ್ಲೋ ಒಂದು ಸರಿಯಾಗಿ ಬೀಳುತ್ತೆ, ಆಗ ಮುಖ ನೋಡಬೇಕು! ಅಂಥದ್ದನ್ನು ಮ್ಯಾಚಿನಲ್ಲಿ, ಅಷ್ಟು ಜನರ ಮುಂದೆ ಹಾಕೋದಕ್ಕೆ ಧೈರ್ಯ ಬೇಕು. ನಿಧಾನದ ಬಾಲಿಗೆ ಸಿಗುವ ಹೊಡೆತ ಜೋರಾಗಿಯೇ ಇರುತ್ತೆ ಅಂತ ಹಾಕುವವಳಿಗೂ ಗೊತ್ತಲ್ಲ.

ಇನ್ನು ನಮ್ಮ ಕೋಚ್ ಬಗ್ಗೆ. ಕೆಟ್ಟವರಲ್ಲ. ಮಕ್ಕಳಿಗೆ ಬೈಯುವುದಿಲ್ಲ, ಬಿಸಿಲು ಜಾಸ್ತಿಯಾದರೆ ತಾವೇ ಐಸ್ ಟವಲ್ ಹಂಚುತ್ತಾರೆ. ಆದರೆ ಗೆಲ್ಲೋದು ಅಂದರೆ ಅವರಿಗೆ ಒಂಥರಾ ಹಸಿವು. ತಲೆ ಮೇಲೆ ಯಾವಾಗಲೂ ಹ್ಯೂಸ್ಟನ್ನಿನ ಬೇಸ್‌ಬಾಲ್ ಟೀಮು ಆಸ್ಟ್ರೋಸ್‌ನ ಟೋಪಿ. ಈ ಊರಿನಲ್ಲಿ ಆ ಟೋಪಿ ಇಟ್ಟುಕೊಂಡು ಸಿಗ್ನಲ್ ವಿಷಯ ಮಾತಾಡೋದು ಅಂದರೆ ಏನು ಅಂತ ಇಲ್ಲಿರುವವರಿಗೆ ಗೊತ್ತು.

2017ರಲ್ಲಿ ಹಾರ್ವಿ ಚಂಡಮಾರುತಕ್ಕೆ ಹ್ಯೂಸ್ಟನ್ ಮುಳುಗಿತ್ತು. ಅದೇ ವರ್ಷ ನವೆಂಬರ್ 1ಕ್ಕೆ ಆಸ್ಟ್ರೋಸ್ ಮೊದಲ ಬಾರಿ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್, ಗೆದ್ದರು. ಬೇಸ್‌ಬಾಲಿನ ತಲೆಬುಡ ಗೊತ್ತಿಲ್ಲದ ನಮ್ಮಂಥವರೂ ಕಿತ್ತಳೆ ಬಣ್ಣದ ಟೀಶರ್ಟ್ ಹಾಕಿ ತಿರುಗಿದೆವು. ಎರಡು ವರ್ಷದ ನಂತರ ಆ ಟೀಮಿನಲ್ಲೇ ಆಡಿದ್ದ ಪಿಚರ್ ಮೈಕ್ ಫೈಯರ್ಸ್ ಬಾಯಿಬಿಟ್ಟ. ಮೈದಾನದ ಆ ತುದಿಯಲ್ಲಿ ಕ್ಯಾಮೆರಾ, ಆಟಗಾರರು ಕೂರುವ ಜಾಗದ ಹಿಂದೆ ಒಂದು ಟೀವಿ, ಪಕ್ಕದಲ್ಲಿ ಕಸದ ಡ್ರಮ್ಮು. ಕ್ಯಾಚರ್ ಬೆರಳನ್ನು ಟೀವಿಯಲ್ಲಿ ನೋಡಿ ಡ್ರಮ್ಮು ಬಡಿದರೆ ನಿಧಾನದ್ದು ಅಥವಾ ತಿರುಗುವಂಥದ್ದು, ಸುಮ್ಮನಿದ್ದರೆ ವೇಗದ್ದು. 2020ರ ಜನವರಿಯಲ್ಲಿ 50 ಲಕ್ಷ ಡಾಲರ್ ದಂಡ ಬಿತ್ತು. ಮ್ಯಾನೇಜರಿಗೂ ಜನರಲ್ ಮ್ಯಾನೇಜರಿಗೂ ಒಂದು ವರ್ಷ ನಿಷೇಧ, ಅದೇ ದಿನ ಇಬ್ಬರ ಕೆಲಸವೂ ಹೋಯಿತು. ಆಟಗಾರರಿಗೆ ಶಿಕ್ಷೆ ಇಲ್ಲ, ಗೆದ್ದ ಕಪ್ ಇವತ್ತಿಗೂ ಇಲ್ಲೇ ಇದೆ.

ನಮ್ಮ ಕೋಚ್ ವಾದ ಏನಂದರೆ, ಅವರ ತಪ್ಪು ಕ್ಯಾಮೆರಾ ಇಟ್ಟಿದ್ದು, ಕಣ್ಣಲ್ಲಿ ನೋಡಿ ಹೇಳೋದು ಆಟದ ಭಾಗ. ಇದು ಸುಳ್ಳಲ್ಲ. ಆಸ್ಟ್ರೋಸ್ ಆಡುವ ಮೇಜರ್ ಲೀಗಿನಲ್ಲಿ ಸೆಕೆಂಡ್ ಬೇಸಿನಲ್ಲಿ ನಿಂತು ಬರಿಗಣ್ಣಲ್ಲಿ ನೋಡಿದರೆ ಯಾವ ನಿಯಮವೂ ಅಡ್ಡ ಬರೋದಿಲ್ಲ. ಆದರೆ ಮಕ್ಕಳ ಲಿಟಲ್ ಲೀಗಿನಲ್ಲಿ ಇದನ್ನೇ ಕ್ರೀಡಾಮನೋಭಾವಕ್ಕೆ ವಿರುದ್ಧ ಅಂತ ಬರೆದಿಟ್ಟಿದ್ದಾರೆ, ಅಂಪೈರ್ ಮನಸ್ಸು ಮಾಡಿದರೆ ಮ್ಯಾನೇಜರನ್ನೂ ಹೊರಗೆ ಕಳಿಸಬಹುದು. ನಾವಾಡುವುದು ಲಿಟಲ್ ಲೀಗ್ ಅಲ್ಲ, ದುಡ್ಡು ಸುರಿದು ವಾರಾಂತ್ಯಕ್ಕೊಂದು ಊರು ಸುತ್ತುವ ಟ್ರಾವೆಲ್ ಬಾಲು. ಶನಿವಾರದ ಅಂಪೈರ್ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಬಗ್ಗಿ, ಬ್ರಷ್ ತೆಗೆದು ಬ್ಯಾಟಿಂಗ್ ಜಾಗದ ನೆಲದಲ್ಲಿರುವ ಪ್ಲೇಟ್ ಮೇಲಿನ ಮಣ್ಣು ಗುಡಿಸಿದ. ಅಲ್ಲಿ ಗುಡಿಸುವಂಥ ಮಣ್ಣೇ ಇರಲಿಲ್ಲ.

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದರೆ ಅವರು ಕೋಚ್ ಪರ! "ಹಂಗಾದ್ರೆ ದ್ರಾವಿಡ್ ಕೂಡ ತಪ್ಪಾ?" ಅಂದರು. 1999ರ ಮೊಹಾಲಿ ಟೆಸ್ಟು, ನ್ಯೂಜಿಲೆಂಡ್ ಎದುರು. ಕ್ರಿಸ್ ಕೇರ್ನ್ಸ್ ರಿವರ್ಸ್ ಸ್ವಿಂಗ್ ಹಾಕುತ್ತಿದ್ದ. ಬಾಲಿನ ಹೊಳಪು ಯಾವ ಕಡೆ ಇದೆ ಅಂತ ಕಾಣದ ಹಾಗೆ ಕೈಯಲ್ಲಿ ಮುಚ್ಚಿಕೊಂಡು ಓಡಿ ಬರುತ್ತಿದ್ದ. ಬೌಲರ್ ತುದಿಯಲ್ಲಿದ್ದ ಸಚಿನ್ ಅದನ್ನು ನೋಡಿ, ಬ್ಯಾಟನ್ನು ಯಾವ ಕೈಯಲ್ಲಿ ಹಿಡಿದಿದ್ದೇನೆ ಅನ್ನೋದರಲ್ಲೇ ದ್ರಾವಿಡ್‌ಗೆ ಹೇಳಿಬಿಡುತ್ತಿದ್ದರಂತೆ. ಸಚಿನ್ ಅವರೇ ಆಮೇಲೆ ಖುಷಿಯಿಂದ ಹೇಳಿಕೊಂಡ ಕತೆ. ನಾವೆಲ್ಲ ಕೇಳಿ ಚಪ್ಪಾಳೆ ತಟ್ಟಿದ್ದೇವೆ, ನಾನೂ ಸೇರಿ. ನಮ್ಮನೆಯಲ್ಲಿ ದ್ರಾವಿಡ್ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ, ಅಲ್ಲಿಗೆ ವಾದ ಮುಗೀತು ಅನ್ನೋ ಹಾಗೆ ರಿಮೋಟ್ ಎತ್ತಿಕೊಂಡರು.

ನನ್ನ ಪ್ರಕಾರ ಮುಗಿಯಲಿಲ್ಲ. ಕೇರ್ನ್ಸ್ ದೊಡ್ಡ ಮನುಷ್ಯ. ಗುಟ್ಟು ಗೊತ್ತಾದರೆ ಅವನ ಹತ್ತಿರ ಬೇರೆ ಬಾಲ್ ಇದೆ, ಅನುಭವ ಇದೆ, ಸಂಜೆ ಕೂತು ಯೋಚಿಸೋದಕ್ಕೆ ಟೀಮಿದೆ. ಈ ಹುಡುಗಿ ಹತ್ತಿರ ಇದ್ದದ್ದೇ ಎರಡು ಬಾಲು. ಗುಟ್ಟು ಬಯಲಾಗಿದೆ ಅಂತ ಕೂಡ ಅವಳಿಗೆ ಗೊತ್ತಿರಲಿಲ್ಲ. ತನ್ನ ಚೇಂಜಪ್ಪೇ ಚೆನ್ನಾಗಿಲ್ಲ ಅಂದುಕೊಂಡಳು. ಅದು ಚೆನ್ನಾಗಿತ್ತು! ನಮ್ಮ ಕೋಚ್‌ಗೆ ಸಿಕ್ಕಿದ್ದು ನಾಲ್ಕು ರನ್ನು, ಅವಳು ಕಳಕೊಂಡದ್ದಕ್ಕೆ ಲೆಕ್ಕ ಇಡುವವರು ಯಾರು? ಸಿಗ್ನಲ್ ಮರೆಮಾಡೋದು ಹೇಳಿಕೊಡಿ ಅನ್ನೋ ಮಾತಿನಲ್ಲಿ ನ್ಯಾಯ ಇದೆ, ಒಪ್ಪುತ್ತೇನೆ. ಮೇಜರ್ ಲೀಗಿನವರಿಗೆ 2022ರಿಂದ ಪಿಚ್‌ಕಾಮ್ ಬಂದಿದೆ. ಬಟನ್ ಒತ್ತಿದರೆ ಪಿಚರ್ ಟೋಪಿಯೊಳಗೆ ಕೇಳುತ್ತೆ, ಬೆರಳೇ ಬೇಡ. ದೊಡ್ಡವರು ಹೀಗೆ ಬಚಾವಾದರು, ಅವರ ಹಳೇ ಚಾಲಾಕಿತನ ಮಾತ್ರ ಮಕ್ಕಳ ಮೈದಾನಕ್ಕೆ ಬಂದು ಬಿತ್ತು.

ಕಾರಿನಲ್ಲಿ ಮಗಳನ್ನು ಕೇಳಿದ್ದೆ. ಹೆಲ್ಮೆಟ್ ಮುಟ್ಟಿದ್ದು ಗೊತ್ತಿದ್ದೂ ಹೇಗೆ ಔಟಾದೆ ಅಂತ. ಮನಸ್ಸಿನಲ್ಲಿ ನನಗೊಂದು ಆಸೆ, ಏನಾದರೂ ದೊಡ್ಡ ಮಾತು ಹೇಳುತ್ತಾಳೇನೋ ಅಂತ. "ನಾನು ನೋಡ್ಲೇ ಇಲ್ಲಮ್ಮಾ. ಅವಳನ್ನ ನೋಡ್ತಾ ಕೂತ್ರೆ ಬಾಲ್ ಯಾವಾಗ ನೋಡೋದು?" ಅಂದಳು. ಅಷ್ಟೇ. ಫ್ರೈಸ್ ಕೇಳಿದಳು.

ಅವಳ ಬೆನ್ನ ಮೇಲೆ 27, ಆಸ್ಟ್ರೋಸ್ ಆಟಗಾರ ಹೊಸೆ ಅಲ್ಟುವೆ ನಂಬರು. ಅಲ್ಟುವೆಗೆ ಆ ಡ್ರಮ್ಮಿನ ಸದ್ದು ಬೇಕಿರಲಿಲ್ಲ, ಅವನು ಅದನ್ನು ಬಳಸಲಿಲ್ಲ ಅಂತ ಜೊತೆಗಾರ ಕಾರ್ಲೋಸ್ ಕೊರಿಯಾ 2020ರಲ್ಲಿ ಬಹಿರಂಗವಾಗಿ ಹೇಳಿದ. ಏನು ಪ್ರಯೋಜನ? ಬೇರೆ ಊರಿಗೆ ಹೋದರೆ ಜನ ಬೂ ಅಂದದ್ದು ಅವನಿಗೇ ಜಾಸ್ತಿ. ಟೀಮು ಅಂದಮೇಲೆ ಎಲ್ಲರ ತಲೆಗೂ ಅದೇ ಟೋಪಿ. ನನ್ನ ಮಗಳು ನೋಡಲಿಲ್ಲ ಅನ್ನೋದು ಆ ಎರಡು ಜಡೆಯವಳ ಅಪ್ಪನಿಗೆ ಯಾಕೆ ಗೊತ್ತಾಗಬೇಕು? ಪಾರ್ಕಿಂಗ್ ಲಾಟಿನಲ್ಲಿ ಅವರು ನಮ್ಮ ಕಡೆ ನೋಡಿದ ನೋಟ ನನಗೂ ಸೇರಿಯೇ ಇತ್ತು.

ಕೋಚ್ ಹತ್ತಿರ ಮಾತಾಡುತ್ತೇನೆ ಅಂದೆ. ಬೇಡ, ನಾನೇ ಹೇಳ್ತೀನಿ ಅಂದಳು ಮಗಳು. ಗುರುವಾರ ಪ್ರಾಕ್ಟೀಸಿಗೆ ಹೋದಾಗ ಬೇಲಿಯ ಈಚೆ ಕೂತು ಕಿವಿ ನಿಮಿರಿಸಿದೆ. ಸಾಫ್ಟ್‌ಬಾಲಿನಲ್ಲಿ ಬಾಲ್ ಪಿಚರ್ ಕೈ ಬಿಡುವವರೆಗೆ ಬೇಸ್ ಬಿಟ್ಟು ಓಡುವ ಹಾಗಿಲ್ಲ. ಅದನ್ನೇ ಹಿಡಿದಳು: ಸೆಕೆಂಡ್ ಬೇಸಿನಲ್ಲಿದ್ದಾಗ ನಾನು ಪಿಚರ್ ಕೈಯನ್ನೇ ನೋಡ್ಬೇಕು, ಸಿಗ್ನಲ್ ನೋಡ್ತಾ ನಿಂತ್ರೆ ಓಟ ಲೇಟಾಗುತ್ತೆ, ಅದಕ್ಕೆ ಮಾಡಲ್ಲ. ಕೋಚ್ ಒಂದು ಸಿಪ್ಪೆ ಉಗಿದು, "ಸರಿ, ಬೇಗ ಓಡು ಮತ್ತೆ" ಅಂದರು. ನಾನು ವಾರವೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದ ಭಾಷಣ ಹಾಗೇ ಉಳಿಯಿತು. ಉಳಿದವರಿಗೆ ಹೆಲ್ಮೆಟ್ ಪಾಠ ಎಂದಿನಂತೆ ನಡೆಯಿತು. ಮುಂದಿನ ಸೀಸನ್ನಿನ ಫೀಸ್ ಕಟ್ಟೋದಕ್ಕೆ ತಿಂಗಳ ಕೊನೆಯವರೆಗೆ ಟೈಮಿದೆ. ನಾನಿನ್ನೂ ಕಟ್ಟಿಲ್ಲ, ನಮ್ಮನೆಯವರಿಗೆ ಹೇಳಿಯೂ ಇಲ್ಲ.